ಆಪ್ತಸಮಾಲೋಚಕರ ಪರಿಚಯಪುಟವನ್ನು ಓದುವುದು ಹೇಗೆ?

ಆಪ್ತಸಮಾಲೋಚಕರನ್ನು ಹುಡುಕುತ್ತಿರುವವರು ನನಗೆ ಪರಿಚಯಪುಟಗಳನ್ನು ಕಳಿಸಿ ‘ಇವರಲ್ಲಿ ಯಾರಾದರೆ ಒಳ್ಳೆಯದು?’ ಎಂದು ಕೇಳುವುದುಂಟು. ಕಳೆದ ಸಲ ಗೆಳತಿಯೊಬ್ಬಳು ಕಳಿಸಿದ ಮೂರು ಪುಟಗಳಲ್ಲೂ ಅವೇ ಮಾತುಗಳಿದ್ದವು: ‘ಸುರಕ್ಷಿತ ವಾತಾವರಣ’, ‘ಸರಿ ತಪ್ಪು ಎಣಿಸದೆ ಆಲಿಸುತ್ತೇನೆ’, ‘ನಿಮ್ಮ ಪಯಣದಲ್ಲಿ ಜೊತೆಯಾಗುತ್ತೇನೆ’. ಹೆಸರುಗಳನ್ನು ಅದಲುಬದಲು ಮಾಡಿದ್ದರೂ ಪತ್ತೆಯಾಗುತ್ತಿರಲಿಲ್ಲ. ಅವಳ ಕಣ್ಣು ಬಿದ್ದದ್ದು ಹದಿನಾಲ್ಕು ಚಿಕಿತ್ಸಾ ವಿಧಾನಗಳನ್ನು ಪಟ್ಟಿ ಮಾಡಿದ್ದವರ ಮೇಲೆ. ಒಂದು ಕಾಲಕ್ಕೆ ನಾನೂ ಉದ್ದದ ಪಟ್ಟಿಗೆ ಮರುಳಾದೆ. ಎಂಟು ಭೇಟಿ ಮುಗಿದರೂ ನಾವಿಬ್ಬರೂ ಎಲ್ಲಿಗೆ ಹೊರಟಿದ್ದೇವೆ ಎಂಬುದು ನನಗೆ ತಿಳಿಯಲಿಲ್ಲ. ಅವರಿಗೆ ತಿಳಿದಿತ್ತೆಂದೂ ಅನಿಸಲಿಲ್ಲ.

ಮೊದಲೇ ಒಂದು ಮಾತು. ಜೀವ ಕಳೆದುಕೊಳ್ಳುವ ಯೋಚನೆ ಬರುತ್ತಿದ್ದರೆ ಈ ಲೇಖನವನ್ನು ಪಕ್ಕಕ್ಕಿಡಿ. ಅದು ಆಯ್ಕೆ ಮಾಡುತ್ತ ಕೂರುವ ಹೊತ್ತಲ್ಲ. ಹತ್ತಿರದ ಆಸ್ಪತ್ರೆಗೆ ಹೋಗಿ, ಇಲ್ಲವೇ ಸಹಾಯವಾಣಿಗೆ ಕರೆ ಮಾಡಿ.

ಹೆಜ್ಜೆ 1: ಹೆಸರಿನ ಮುಂದಿರುವುದು ಏನು?

ಮನೋವೈದ್ಯರು ವೈದ್ಯಕೀಯ ಓದಿದವರು, ಔಷಧ ಬರೆಯಬಲ್ಲರು. ಮನಶ್ಶಾಸ್ತ್ರಜ್ಞರು ಮನಶ್ಶಾಸ್ತ್ರ ಓದಿದವರು. ಅವರಲ್ಲಿ ಚಿಕಿತ್ಸಾ ತರಬೇತಿ ಪಡೆದವರು ಪರೀಕ್ಷೆಗಳನ್ನೂ ಮಾತಿನ ಚಿಕಿತ್ಸೆಯನ್ನೂ ನೀಡುತ್ತಾರೆ. ಆಪ್ತಸಮಾಲೋಚಕರ ಕೆಲಸ ಮುಖ್ಯವಾಗಿ ಮಾತಿನ ಚಿಕಿತ್ಸೆ. ಇವರ ವಿಷಯದಲ್ಲಿ ನಿಯಮಗಳು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ರಾಜ್ಯಗಳಲ್ಲಿ ಪರವಾನಗಿ ಬೇಕು, ಬ್ರಿಟನ್ನಿನಲ್ಲಿ ‘ಕೌನ್ಸೆಲರ್’ ಎಂಬ ಫಲಕಕ್ಕೆ ಕಾನೂನಿನ ಕಾವಲಿಲ್ಲ. ‘ಲೈಫ್ ಕೋಚ್’ ಎಂದು ಬರೆದುಕೊಳ್ಳಲು ಬಹುತೇಕ ಎಲ್ಲೂ ಯಾರ ಅಪ್ಪಣೆಯೂ ಬೇಕಿಲ್ಲ. ಗುರಿ ಸಾಧನೆಗೆ ಕೋಚ್ ಆಗಬಹುದು, ಖಿನ್ನತೆಗೆ ಬೇಡ.

ಹೆಜ್ಜೆ 2: ನೋಂದಣಿ ಸಂಖ್ಯೆ ಇದ್ದರೆ ನೋಂದಣಿ ಮಂಡಳಿಯ ಪಟ್ಟಿಯಲ್ಲಿ ಹುಡುಕಿ. ಐದು ನಿಮಿಷದ ಕೆಲಸ.

ಹೆಜ್ಜೆ 3: ಹಿನ್ನೆಲೆಯಲ್ಲಿ ಏನನ್ನು ನೋಡಬೇಕು?

ಪ್ರಮಾಣಪತ್ರಗಳ ಸಾಲನ್ನು ಎಣಿಸಬೇಡಿ. ವಾರಾಂತ್ಯದ ಎರಡು ದಿನದ ಆನ್‌ಲೈನ್ ಕೋರ್ಸಿಗೂ ಮುದ್ರೆಯೊತ್ತಿದ ಕಾಗದ ಸಿಗುತ್ತದೆ. ನಾನು ಹುಡುಕುವುದು ಎರಡೇ ಸಂಗತಿ. ಒಂದು, ಹಿರಿಯರ ಮೇಲ್ವಿಚಾರಣೆಯಲ್ಲಿ ಎಷ್ಟು ಕಾಲ ಕೆಲಸ ಮಾಡಿದ್ದಾರೆ, ಈಗಲೂ ತಮ್ಮ ಕೆಲಸವನ್ನು ಯಾರೊಡನೆಯಾದರೂ ಚರ್ಚಿಸುತ್ತಾರೆಯೇ ಎಂಬುದು. ಇಪ್ಪತ್ತು ವರ್ಷ ಅನುಭವವಿದ್ದೂ ಯಾರಿಗೂ ತೋರಿಸದೆ ಕೆಲಸ ಮಾಡುವವರಿಗಿಂತ, ಐದೇ ವರ್ಷವಾಗಿದ್ದರೂ ತಿಂಗಳಿಗೊಮ್ಮೆ ಹಿರಿಯರ ಮುಂದೆ ಕೂರುವವರು ನನಗೆ ಮೇಲು. ಇನ್ನೊಂದು, ಯಾರ ನಡುವೆ ಕೆಲಸ ಮಾಡಿದ್ದಾರೆ ಎಂಬುದು. ವ್ಯಸನಮುಕ್ತಿ ಕೇಂದ್ರದಲ್ಲಿ ಹತ್ತು ವರ್ಷ ಕಳೆದವರಿಗೂ ಶಾಲೆಯಲ್ಲಿ ಹತ್ತು ವರ್ಷ ಕಳೆದವರಿಗೂ ಕಿವಿ ಪಳಗಿರುವ ಬಗೆ ಒಂದೇ ಅಲ್ಲ.

‘ನನ್ನ ಬದುಕನ್ನೇ ಬದಲಿಸಿದರು’ ಎಂಬಂಥ ಪ್ರಶಂಸೆಗಳನ್ನು ಹಾರಿಸಿ ಓದಿ. ಚಿಕಿತ್ಸೆ ನಡೆಯುತ್ತಿರುವವರಿಂದ ಇಂಥ ಪ್ರಶಂಸೆ ಕೇಳಿ ಪಡೆಯಬಾರದು ಎಂದು ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ನಿನ ನೀತಿಸಂಹಿತೆಯೇ ಹೇಳುತ್ತದೆ. ‘ಮೂರೇ ಭೇಟಿಯಲ್ಲಿ ಗುಣ, ಖಾತರಿ’ ಎಂದಿದ್ದರೆ ಪುಟವನ್ನೇ ಮುಚ್ಚಿಬಿಡಿ. ಎರಡು ನಿಮಿಷದ ಪ್ರಶ್ನಾವಳಿ ತುಂಬಿಸಿ ‘ನಿಮಗೆ ಹೇಳಿ ಮಾಡಿಸಿದ ಚಿಕಿತ್ಸಕರು’ ಎಂದು ತೋರಿಸುವ ಆ್ಯಪ್‌ಗಳನ್ನೂ ನಾನು ನಂಬುವುದಿಲ್ಲ. ಆ ಹೊತ್ತಿಗೆ ಯಾರು ಬಿಡುವಾಗಿದ್ದಾರೋ ಅವರನ್ನೇ ತೋರಿಸುತ್ತವೆ ಎಂಬುದು ನನ್ನ ಗುಮಾನಿ.

ಹೆಜ್ಜೆ 4: ಫೋನಿನಲ್ಲಿ ಒಂದು ಪ್ರಶ್ನೆ

ಎಲ್ಲರೂ ಎಡವುವುದು ಇಲ್ಲಿ. ಸಂಕೋಚದಿಂದ ‘ಯಾವಾಗ ಬರಲಿ, ಶುಲ್ಕ ಎಷ್ಟು’ ಎಂದಷ್ಟೇ ಕೇಳಿ ಫೋನ್ ಇಡುತ್ತಾರೆ. ಸ್ವಲ್ಪ ಧೈರ್ಯವಿದ್ದವರು ‘ನಿಮ್ಮದು ಯಾವ ವಿಧಾನ?’ ಎಂದು ಕೇಳುತ್ತಾರೆ, ‘ಸಿಬಿಟಿ’ (ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಮಾತಿನ ಚಿಕಿತ್ಸೆ) ಎಂಬ ಉತ್ತರ ಬರುತ್ತದೆ, ‘ಓಹೋ’ ಎನ್ನುತ್ತಾರೆ. ಎರಡು ಕಡೆಗೂ ಏನೂ ತಿಳಿದಿರುವುದಿಲ್ಲ.

ವಿಧಾನದ ಹೆಸರನ್ನು ಕೇಳಬೇಡಿ. ನಿಮ್ಮ ತೊಂದರೆಯನ್ನು ಎರಡು ವಾಕ್ಯದಲ್ಲಿ ಹೇಳಿ, ಹೀಗೆ ಕೇಳಿ: ‘ಇಂಥ ತೊಂದರೆಯವರೊಂದಿಗೆ ನೀವು ಸಾಮಾನ್ಯವಾಗಿ ಹೇಗೆ ಕೆಲಸ ಮಾಡುತ್ತೀರಿ? ಮೂರನೆಯ ಭೇಟಿಯ ಹೊತ್ತಿಗೆ ನಾವು ಏನು ಮಾಡುತ್ತಿರುತ್ತೇವೆ?’ ಎರಡು ವಾಕ್ಯ ಎಂದರೆ ಎರಡೇ. ಕಾಗದದಲ್ಲಿ ಬರೆದಿಟ್ಟುಕೊಳ್ಳಿ, ಇಲ್ಲವಾದರೆ ಫೋನಿನಲ್ಲಿ ಸಿಗುವ ಹದಿನೈದು ನಿಮಿಷವೂ ಕಥೆ ಹೇಳುವುದರಲ್ಲೇ ಮುಗಿಯುತ್ತದೆ.

ಉತ್ತರವನ್ನು ತೂಗಲು ಒಂದಿಷ್ಟು ತಿಳಿವಳಿಕೆ ಬೇಕು. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಖಿನ್ನತೆಗೆಂದು ರೂಪಿಸಿದ ಅರಿವಿನ ಚಿಕಿತ್ಸೆಯೇ ಇಂದಿನ ಸಿಬಿಟಿಯ ಬೇರು. ಅದರಲ್ಲಿ ಪ್ರತಿ ಭೇಟಿಗೂ ಒಂದು ಕಾರ್ಯಸೂಚಿ ಇರುತ್ತದೆ, ಮನೆಗೆಲಸವಿರುತ್ತದೆ, ಮನಸ್ಸಿಗೆ ಹೊಳೆದ ಯೋಚನೆಯನ್ನು ಬರೆದು ಅದಕ್ಕೆ ಆಧಾರವಿದೆಯೇ ಎಂದು ಪರೀಕ್ಷಿಸುವುದಿರುತ್ತದೆ. ‘ಸಿಬಿಟಿ ಮಾಡುತ್ತೇನೆ, ಮನೆಗೆಲಸ ಏನೂ ಇರುವುದಿಲ್ಲ’ ಎಂದವರಿದ್ದಾರೆ. ಅದು ಸಿಬಿಟಿ ಅಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ದಾರಿ ಬೇರೆ. 1957ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಅವರು ಒತ್ತಿ ಹೇಳಿದ್ದು ಚಿಕಿತ್ಸಕರ ಸಹಾನುಭೂತಿ, ಷರತ್ತಿಲ್ಲದ ಆದರ ಮತ್ತು ಪ್ರಾಮಾಣಿಕತೆಯನ್ನು. ಇಲ್ಲಿ ಮಾತಿನ ಚುಕ್ಕಾಣಿ ನಿಮ್ಮ ಕೈಯಲ್ಲಿರುತ್ತದೆ. ಅಪ್ಪನನ್ನು ಕಳೆದುಕೊಂಡ ದುಃಖದಲ್ಲಿರುವವರಿಗೆ ಕೋಷ್ಟಕ ತುಂಬಿಸುವುದಕ್ಕಿಂತ ಇದೇ ಹಿತವೆನಿಸಬಹುದು.

ಆದರೆ ಕೆಲವು ತೊಂದರೆಗಳಲ್ಲಿ ಹಿತವೆನಿಸುವುದೇ ತೊಡಕಾಗುತ್ತದೆ. ಬೇಡವೆಂದರೂ ಅದೇ ಯೋಚನೆ, ಅದೇ ಕೆಲಸ ಮರುಕಳಿಸುವ ಗೀಳು ಕಾಯಿಲೆಯನ್ನೇ (ಒಸಿಡಿ) ನೋಡಿ. ‘ಬಾಗಿಲ ಹಿಡಿ ಮುಟ್ಟಿದೆ, ಏನೂ ಆಗುವುದಿಲ್ಲ ಅಲ್ಲವೇ?’ ಎಂದು ಕಾಯಿಲೆಯವರು ಕೇಳುತ್ತಾರೆ. ಕರುಣೆಯ ಸಮಾಲೋಚಕರು ‘ಏನೂ ಆಗುವುದಿಲ್ಲ’ ಎನ್ನುತ್ತಾರೆ. ಅರ್ಧ ಗಂಟೆ ನೆಮ್ಮದಿ, ಆಮೇಲೆ ಮತ್ತೆ ಅದೇ ಪ್ರಶ್ನೆ. ಹೀಗೆ ಪ್ರತಿವಾರ ಸಮಾಧಾನ ಹೇಳಿಸಿಕೊಂಡರೆ ಗೀಳಿಗೇ ಗೊಬ್ಬರ ಹಾಕಿದಂತೆ. ಇದಕ್ಕೆ ಹೆಚ್ಚು ಪುರಾವೆಯಿರುವ ಮಾತಿನ ಚಿಕಿತ್ಸೆಯ ಜಾಡು ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್ 1966ರಲ್ಲಿ ವರದಿ ಮಾಡಿದ ಪ್ರಯೋಗದಿಂದ ಬಂದದ್ದು. ಹಿಡಿಯನ್ನು ಬೇಕೆಂದೇ ಮುಟ್ಟಬೇಕು, ಕೈ ತೊಳೆಯಬಾರದು, ಕಳವಳ ತಾನಾಗಿ ಇಳಿಯುವುದನ್ನು ಕುಳಿತು ನೋಡಬೇಕು. ದಿಗಿಲಿನ ದಾಳಿಗೂ (ಪ್ಯಾನಿಕ್ ಅಟ್ಯಾಕ್) ಹೀಗೆಯೇ. ತಿರುಗುವ ಕುರ್ಚಿಯಲ್ಲಿ ಸುತ್ತಿಸಿ, ಸಣ್ಣ ಕೊಳವೆಯಲ್ಲಿ ಉಸಿರಾಡಿಸಿ, ‘ತಲೆ ಸುತ್ತಿತು, ಎದೆ ಹೊಡೆದುಕೊಂಡಿತು, ಆದರೂ ಸಾಯಲಿಲ್ಲ’ ಎಂದು ದೇಹಕ್ಕೇ ಕಲಿಸುತ್ತಾರೆ. ಇವನ್ನು ತರಬೇತಿ ಇದ್ದವರೇ ಮಾಡಿಸಬೇಕು. ವಿಡಿಯೊ ನೋಡಿ ಮನೆಯಲ್ಲೇ ಮಾಡಿಕೊಳ್ಳುವ ಅಡ್ಡದಾರಿ ಬೇಡ.

ಈಗ ಗೆಳತಿಯ ಕಥೆಗೆ ಬರೋಣ. ಅವಳ ಎರಡು ವಾಕ್ಯ ಹೀಗಿತ್ತು: ‘ಮನೆಯಿಂದ ಹೊರಟರೆ ಬೀಗವನ್ನು ಹತ್ತಾರು ಸಲ ನೋಡಬೇಕು. ಕಚೇರಿಗೆ ದಿನವೂ ತಡವಾಗುತ್ತಿದೆ.’ ಹದಿನಾಲ್ಕು ವಿಧಾನದವರು, ‘ಎಲ್ಲವನ್ನೂ ಬೆರೆಸಿ ನಿಮಗೆ ಒಗ್ಗುವಂತೆ ಮಾಡುತ್ತೇನೆ, ಮೊದಲು ಬನ್ನಿ’ ಎಂದರು. ಬೆರೆಸುವುದು ತಪ್ಪಲ್ಲ, ಅನುಭವಿಗಳು ಬೆರೆಸಿಯೇ ಕೆಲಸ ಮಾಡುತ್ತಾರೆ. ಆದರೆ ಯಾವುದನ್ನು, ಏಕೆ ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ. ಎರಡನೆಯವರು ಧ್ಯಾನ ಕಲಿಸುವೆನೆಂದರು. ಮೂರನೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಬೀಗ ನೋಡದೆ ಹೋದರೆ ಏನಾಗುತ್ತದೆಂದು ಕೇಳಿದರು. ಆಮೇಲೆ, ‘ಇದು ಗೀಳಿನಂತೆ ಕಾಣುತ್ತದೆ, ಆದರೆ ಫೋನಿನಲ್ಲಿ ನಿರ್ಧರಿಸಲಾಗದು. ನಾನು ಹೆಚ್ಚಾಗಿ ದಂಪತಿಗಳೊಂದಿಗೆ ಕೆಲಸ ಮಾಡುವುದು. ಇದಕ್ಕೆ ತರಬೇತಿ ಪಡೆದವರ ಹೆಸರು ಕೊಡುತ್ತೇನೆ’ ಎಂದರು. ಗೆಳತಿ ನಿರಾಶೆಯಿಂದ ನನಗೆ ಫೋನ್ ಮಾಡಿದಳು. ‘ಮೂವರಲ್ಲಿ ಸರಿಯಾದ ಉತ್ತರ ಇದೊಂದೇ, ಅವರು ಹೇಳಿದವರ ಬಳಿಗೆ ಹೋಗು’ ಎಂದೆ.

ಹೆಜ್ಜೆ 5: ಮೊದಲ ಭೇಟಿಯಲ್ಲಿ

ಗೌಪ್ಯತೆಯ ಮಿತಿಯನ್ನು ಅವರಾಗಿಯೇ ಹೇಳಬೇಕು. ಯಾರದಾದರೂ ಜೀವಕ್ಕೆ ಅಪಾಯವಿದ್ದರೆ, ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿದ್ದರೆ, ನ್ಯಾಯಾಲಯ ಆದೇಶಿಸಿದರೆ ಮಾತು ಕೋಣೆಯ ಹೊರಗೆ ಹೋಗಬಹುದು. ‘ಎಲ್ಲವೂ ನೂರಕ್ಕೆ ನೂರು ಗುಟ್ಟು’ ಎನ್ನುವವರು ಒಂದೋ ನಿಯಮ ಓದಿಲ್ಲ, ಇಲ್ಲವೇ ನಿಮ್ಮನ್ನು ಒಲಿಸಿಕೊಳ್ಳುತ್ತಿದ್ದಾರೆ.

ಹೆಜ್ಜೆ 6: ನಾಲ್ಕನೆಯ ಭೇಟಿಯ ಲೆಕ್ಕ

ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಚಿಕಿತ್ಸಾ ಸಂಬಂಧವನ್ನು ಮೂರಾಗಿ ಬಿಡಿಸಿದರು: ಗುರಿಯ ಬಗ್ಗೆ ಒಪ್ಪಿಗೆ, ಮಾಡುವ ಕೆಲಸದ ಬಗ್ಗೆ ಒಪ್ಪಿಗೆ, ಇಬ್ಬರ ನಡುವಿನ ನಂಟು. ನಾಲ್ಕನೆಯ ಭೇಟಿ ಮುಗಿಸಿ ಬಂದ ಸಂಜೆ ಈ ಮೂರನ್ನೂ ಒಂದೊಂದು ಸಾಲಿನಲ್ಲಿ ಬರೆಯಲು ಪ್ರಯತ್ನಿಸಿ. ನಂಟಿನ ಸಾಲು ಸಲೀಸಾಗಿ ಬಂದು ಗುರಿಯ ಸಾಲು ಖಾಲಿ ಉಳಿಯಿತೆನ್ನಿ, ನೀವು ಒಳ್ಳೆಯ ಹರಟೆಗೆ ಶುಲ್ಕ ತೆರುತ್ತಿದ್ದೀರಿ. ಆ ಕಾಗದವನ್ನೇ ಮುಂದಿನ ಭೇಟಿಗೆ ಒಯ್ದು ಓದಿ ಹೇಳಿ. ಒಳ್ಳೆಯವರು ಮುನಿಸಿಕೊಳ್ಳುವುದಿಲ್ಲ, ಅದರಿಂದಲೇ ಕೆಲಸ ಮುಂದುವರಿಸುತ್ತಾರೆ.

ಆದರೂ ಹೊಂದದಿದ್ದರೆ ಬಿಡಿ, ಆದರೆ ಫೋನ್ ಎತ್ತದೆ ಮಾಯವಾಗಬೇಡಿ. ಕೊನೆಯ ಭೇಟಿಯೊಂದನ್ನು ಇಟ್ಟುಕೊಂಡು, ಇದುವರೆಗಿನ ಕೆಲಸದ ಸಾರಾಂಶವನ್ನು ಬರೆಸಿ ಪಡೆಯಿರಿ. ಮುಂದಿನವರ ಬಳಿ ಕಥೆಯನ್ನು ಮೊದಲಿನಿಂದ ಹೇಳಲು ಖರ್ಚಾಗುವ ಎರಡು ಭೇಟಿಯಾದರೂ ಉಳಿಯುತ್ತದೆ.