ಎಸ್ಸೆಸ್ಸೆಲ್ಸಿಯ 436 ಅಂಕ ಹತ್ತು ವರ್ಷ ನನ್ನ ಹಿಂದೆಯೇ ಬಂತು

2013ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ನನಗೆ 625ಕ್ಕೆ 436. ತಿಪಟೂರಿನ ಹತ್ತಿರದ ಹಳ್ಳಿ, ಕನ್ನಡ ಮಾಧ್ಯಮದ ಸರ್ಕಾರಿ ಶಾಲೆ. ಕನ್ನಡದಲ್ಲಿ 112 ಬಂದಿತ್ತು, ಇಂಗ್ಲಿಷಿನಲ್ಲಿ 48. "ಫಸ್ಟ್ ಕ್ಲಾಸ್ ಬಂತಲ್ಲ, ಬಿಡ್ಲಾ" ಎಂದು ಅಪ್ಪ ಪೇಟೆಯಿಂದ ಮೈಸೂರುಪಾಕು ತಂದು ಬೀದಿಗೆಲ್ಲ ಹಂಚಿದರು. ಮರುಮೌಲ್ಯಮಾಪನದ ಮಾತು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಶೇಕಡಾ ಲೆಕ್ಕದಲ್ಲಿ ಅದು 69.76. ಇನ್ನೆರಡು ಅಂಕ ಬಂದಿದ್ದರೆ 70 ದಾಟುತ್ತಿತ್ತು. ಆ ಎರಡು ಅಂಕದ ಬೆಲೆ ತಿಳಿಯಲು ನನಗೆ ಏಳು ವರ್ಷ ಬೇಕಾಯಿತು.

ಪಿಯುಸಿಗೆ ತಿಪಟೂರಿನಲ್ಲೇ ಕಾಮರ್ಸ್ ಸೇರಿದೆ. ಲೆಕ್ಕಶಾಸ್ತ್ರ ನನಗೆ ಒಲಿಯಿತು. ಇಂಗ್ಲಿಷನ್ನು ದಿನಪತ್ರಿಕೆ ಓದುತ್ತಾ, ಗೊತ್ತಾಗದ ಪದ ಬರೆದಿಟ್ಟುಕೊಳ್ಳುತ್ತಾ ನಾನೇ ಕಲಿತೆ. 600ಕ್ಕೆ 549 ಬಂತು. "ಇನ್ನು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು ಹುಟ್ಟಿದ ತಾರೀಕಿಗೆ ಮಾತ್ರ ಕಣೋ" ಎಂದು ಎಲ್ಲರೂ ಹೇಳಿದರು. ನಾನೂ ನಂಬಿದೆ. ಬಿ.ಕಾಂ. ಮುಗಿಸಿ 2018ರಲ್ಲಿ ಬೆಂಗಳೂರಿನ ಒಂದು ಕಂಪನಿಯ ಲೆಕ್ಕಪತ್ರ ವಿಭಾಗಕ್ಕೆ ಸೇರಿದೆ.

2019ರ ನವೆಂಬರಿನಲ್ಲಿ ಮೊದಲ ಸಲ ಕ್ಯಾಟ್ ಬರೆದೆ, ಅಂದರೆ ಐಐಎಂ ಎಂಬ ಮ್ಯಾನೇಜ್‌ಮೆಂಟ್ ಸಂಸ್ಥೆಗಳ ಎಂಬಿಎ ಪ್ರವೇಶ ಪರೀಕ್ಷೆ. ಆಗ ಮೂರು ಗಂಟೆ, 100 ಪ್ರಶ್ನೆ. ಜನವರಿಯಲ್ಲಿ ಫಲಿತಾಂಶ ಬಂತು, 91 ಪರ್ಸೆಂಟೈಲ್, ಅಂದರೆ ಬರೆದ ನೂರರಲ್ಲಿ 91 ಜನರಿಗಿಂತ ಮುಂದೆ. ಎಲ್ಲಿಂದಲೂ ಸಂದರ್ಶನಕ್ಕೆ ಕರೆ ಬರಲಿಲ್ಲ. ಅದರಲ್ಲಿ ಅಚ್ಚರಿಯೇನೂ ಇರಲಿಲ್ಲ, 91 ಸಾಲುತ್ತಿರಲಿಲ್ಲ. ಆದರೆ ಎಷ್ಟು ಬಂದಿದ್ದರೆ ಸಾಲುತ್ತಿತ್ತು ಎಂದು ಹುಡುಕಹೊರಟಾಗ ಮೊದಲ ಬಾರಿಗೆ ಐಐಎಂಗಳ ಪ್ರವೇಶ ನೀತಿಯ ಕಡತಗಳನ್ನು ಓದಿದೆ. ಪರೀಕ್ಷೆ ಬರೆದ ಮೇಲೆ ಓದಿದೆ! ಅರ್ಜಿ ಹಾಕುವ ಮೊದಲೇ ಓದಬೇಕಾಗಿತ್ತು.

ಅಹಮದಾಬಾದಿನ ಐಐಎಂ ಕಡತದಲ್ಲಿ, ಸಂದರ್ಶನಕ್ಕೆ ಆರಿಸುವಾಗ ಹಳೆಯ ಅಂಕಗಳಿಗೆ ಬೆಲೆ ಕಟ್ಟುವ ಒಂದು ಕೋಷ್ಟಕವಿತ್ತು. ಹತ್ತನೇ ತರಗತಿಯಲ್ಲಿ ಶೇ 90ಕ್ಕಿಂತ ಹೆಚ್ಚಿದ್ದರೆ 10 ಅಂಕ, 80ರಿಂದ 90ರೊಳಗೆ 8, 70ರಿಂದ 80ರೊಳಗೆ 5, 60ರಿಂದ 70ರೊಳಗೆ 3. ನನ್ನ 69.76ಕ್ಕೆ 3. ಅರ್ಜಿಯಲ್ಲಿ 70 ಎಂದು ಸರಿಹೊಂದಿಸಿ ಬರೆಯುವಂತಿಲ್ಲ, ಮಾರ್ಕ್ಸ್ ಕಾರ್ಡಿನಲ್ಲಿ ಇದ್ದದ್ದೇ ಬರೆಯಬೇಕು. ಹದಿನಾರನೇ ವಯಸ್ಸಿನಲ್ಲಿ ಕಳೆದುಕೊಂಡ ಎರಡು ಅಂಕದಿಂದ 5 ಇರಬೇಕಾದಲ್ಲಿ 3 ಆಗಿತ್ತು. ಅದೇ ಕೋಷ್ಟಕದಲ್ಲಿ ಪಿಯುಸಿ ಕಾಮರ್ಸಿನ ನನ್ನ 91.5ಕ್ಕೆ ಪೂರ್ತಿ 10 ಇತ್ತು. ಆ ರಾತ್ರಿ ಬಹಳ ಹೊತ್ತು ನಿದ್ದೆ ಹತ್ತಲಿಲ್ಲ. ಅಳು ಬಂತು ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಬೆಳಿಗ್ಗೆ ಎದ್ದು ಒಂದು ನೋಟ್‌ಬುಕ್ ತೆಗೆದುಕೊಂಡೆ. ಪ್ರತಿ ಸಂಸ್ಥೆಗೆ ಒಂದು ಪುಟ. ಹತ್ತನೇ ತರಗತಿಗೆ ಎಷ್ಟು, ಪಿಯುಸಿಗೆ ಎಷ್ಟು, ಪದವಿಗೆ ಎಷ್ಟು, ಕೆಲಸದ ಅನುಭವಕ್ಕೆ ಎಷ್ಟು, ಕ್ಯಾಟ್‌ಗೆ ಎಷ್ಟು ಎಂದು ಬರೆಯುತ್ತಾ ಹೋದೆ. ಒಂದೇ ಮಾರ್ಕ್ಸ್ ಕಾರ್ಡು ಒಂದೊಂದು ಕಡೆ ಒಂದೊಂದು ಬೆಲೆಗೆ ಹೋಗುತ್ತದೆ ಎಂಬುದು ಆಗ ಕಣ್ಣಿಗೆ ಬಿತ್ತು. ಬೆಂಗಳೂರಿನ ಐಐಎಂ ಹತ್ತನೇ ಮತ್ತು ಹನ್ನೆರಡನೇ ತರಗತಿಯ ಅಂಕವನ್ನು ನೇರವಾಗಿ ತೆಗೆದುಕೊಳ್ಳುವುದಿಲ್ಲ. ಆಯಾ ಬೋರ್ಡಿನಿಂದ ಬಂದ ಅರ್ಜಿದಾರರಲ್ಲಿ 90ನೇ ಪರ್ಸೆಂಟೈಲಿನಲ್ಲಿರುವ ಅಂಕದಿಂದ ಭಾಗಿಸುತ್ತದೆ. ಅಂಕವನ್ನು ಧಾರಾಳವಾಗಿ ಕೊಡುವ ಬೋರ್ಡಿನವರಿಗೂ ಬಿಗಿಯಾಗಿ ಕೊಡುವ ಬೋರ್ಡಿನವರಿಗೂ ಒಂದೇ ತಕ್ಕಡಿ ಹಿಡಿಯಲು ಇದು ನ್ಯಾಯವಾದ ದಾರಿ ಎಂದು ನನಗನ್ನಿಸುತ್ತದೆ. ಹಾಗೆ ಭಾಗಿಸಿದರೂ ನನ್ನ ಹತ್ತನೇ ತರಗತಿ ಮೇಲೇಳುವಷ್ಟಿರಲಿಲ್ಲ, ಅದು ಬೇರೆ ಮಾತು.

ಹತ್ತನೇ ತರಗತಿ ಮುಗಿದ ಕಥೆ. ಪಿಯುಸಿ, ಪದವಿ ಕೂಡ ಮುಗಿದಿದ್ದವು. ಕೈಯಲ್ಲಿ ಉಳಿದದ್ದು ಎರಡು. ಮೊದಲನೆಯದು ಅನುಭವ. ಅಹಮದಾಬಾದಿನ ಲೆಕ್ಕದಲ್ಲಿ ಒಂದು ವರ್ಷ ತುಂಬದ ಕೆಲಸಕ್ಕೆ ಏನೂ ಇಲ್ಲ, ಅಲ್ಲಿಂದ ತಿಂಗಳು ತಿಂಗಳಿಗೂ ಏರುತ್ತಾ ಮೂರು ವರ್ಷ ದಾಟಿದರೆ ಪೂರ್ತಿ 5. ನನಗೆ 2019ರಲ್ಲಿ ಇದ್ದದ್ದು ಹದಿಮೂರು ತಿಂಗಳಷ್ಟೇ. ಅದಕ್ಕೇ ಅವಸರ ಬಿಟ್ಟೆ. ಗೆಳೆಯರು ವರ್ಷ ವರ್ಷವೂ ಬರೆಯುತ್ತಿದ್ದರು, ನಾನು ಎರಡು ವರ್ಷ ಬರೆಯಲೇ ಇಲ್ಲ. ಎರಡನೆಯದು ಕ್ಯಾಟ್. 2022ರಲ್ಲಿ ಅಹಮದಾಬಾದಿನ ಸೂತ್ರದಲ್ಲಿ ಕ್ಯಾಟ್‌ಗೆ 0.65 ತೂಕ, ಹಳೆಯ ಅಂಕ ಮತ್ತು ಅನುಭವ ಸೇರಿದ್ದಕ್ಕೆ 0.35. ದೊಡ್ಡ ಭಾಗ ಇನ್ನೂ ನನ್ನ ಕೈಯಲ್ಲೇ ಇತ್ತು.

ಓದಿನ ವಿವರಕ್ಕೆ ಹೋಗುವುದಿಲ್ಲ, ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಮಾಡಿದ್ದು ಇಷ್ಟು: ನನ್ನ ಸಮಯದ ಅರ್ಧಭಾಗ ಇಂಗ್ಲಿಷ್ ಓದಿಗೆ ಕೊಟ್ಟೆ. ಎಸ್ಸೆಸ್ಸೆಲ್ಸಿಯಲ್ಲಿ ನನ್ನನ್ನು ಕೆಳಗಿಳಿಸಿದ ವಿಷಯವೇ ಕ್ಯಾಟ್‌ನಲ್ಲೂ ಇಳಿಸುತ್ತಿತ್ತು. 2022ರ ನವೆಂಬರ್ 27ರಂದು ಮತ್ತೆ ಬರೆದೆ. ಪರೀಕ್ಷೆ ಅಷ್ಟರಲ್ಲಿ ಎರಡು ಗಂಟೆಗೆ, 66 ಪ್ರಶ್ನೆಗೆ ಇಳಿದಿತ್ತು. ಕೊಟ್ಟ ಉತ್ತರಗಳಲ್ಲಿ ಒಂದನ್ನು ಆರಿಸುವ ಪ್ರಶ್ನೆಗಳಲ್ಲಿ ಗೊತ್ತಿಲ್ಲದ್ದನ್ನು ಮುಟ್ಟಲಿಲ್ಲ, ತಪ್ಪಿದರೆ ಒಂದು ಅಂಕ ಹೋಗುತ್ತದೆ. ಉತ್ತರವನ್ನು ನಾವೇ ಟೈಪ್ ಮಾಡುವ ಪ್ರಶ್ನೆಗಳಿಗೆ ಆ ಭಯವಿಲ್ಲ, ಅವನ್ನೆಲ್ಲ ಬರೆದೆ. 96 ಚಿಲ್ಲರೆ ಪರ್ಸೆಂಟೈಲ್ ಬಂತು.

ಅಹಮದಾಬಾದ್, ಬೆಂಗಳೂರು ಕರೆಯಲಿಲ್ಲ. ನೋಟ್‌ಬುಕ್ಕಿನ ಲೆಕ್ಕ ಮೊದಲೇ ಹೇಳಿತ್ತು, ಹಾಗಾಗಿ ಎದೆ ಒಡೆಯಲಿಲ್ಲ. ಕೆಲವು ಹೊಸ ಐಐಎಂಗಳು ಸೇರಿ ನಡೆಸುವ ಸಾಮಾನ್ಯ ಪ್ರವೇಶ ಪ್ರಕ್ರಿಯೆಯಿಂದ, ಅಂದರೆ ಕ್ಯಾಪ್‌ನಿಂದ ಕರೆ ಬಂತು. ಸಂದರ್ಶನ ಒಂದೇ, ಆಮೇಲೆ ಪ್ರತಿ ಸಂಸ್ಥೆಯೂ ತನ್ನ ತೂಕದಲ್ಲಿ ಪಟ್ಟಿ ಮಾಡಿಕೊಳ್ಳುತ್ತದೆ.

ಸಂದರ್ಶನದಲ್ಲಿ ಕೂತ ಕೂಡಲೇ ಬಂದ ಪ್ರಶ್ನೆ ನಾನು ಕಾಯುತ್ತಿದ್ದದ್ದೇ. "ಹತ್ತನೇ ತರಗತಿಯಲ್ಲಿ 70 ಕೂಡ ಇಲ್ಲ, ಎರಡೇ ವರ್ಷದಲ್ಲಿ 91. ಏನಾಯಿತು?" ಎಸ್ಸೆಸ್ಸೆಲ್ಸಿಯ ವರ್ಷ ಅಪ್ಪ ತೆಂಗಿನ ಮರದಿಂದ ಬಿದ್ದು ಎರಡು ತಿಂಗಳು ಮಲಗಿದ್ದರು. ಅದನ್ನು ಹೇಳಬೇಕೇ ಎಂದು ವಾರಗಟ್ಟಲೆ ಯೋಚಿಸಿದ್ದೆ. ಕೊನೆಗೆ ಹೇಳಲಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದೆ, ಇಂಗ್ಲಿಷಿಗೆ ಹೆದರಿ ಅದನ್ನು ಓದದೆ ಬಿಟ್ಟೆ, ಪಿಯುಸಿಯಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲೇ ಆದಾಗ ಹೆದರಲು ಜಾಗವೇ ಇರಲಿಲ್ಲ ಎಂದೆ. ಆ ಉತ್ತರ ನಿಜವಾಗಿತ್ತು, ಗಟ್ಟಿಯಾಗಿ ಹೇಳಲು ಬಂತು.

ಅವರು ಮುಂದಕ್ಕೆ ಹೋದರು. ತಿಪಟೂರು ಎಂದ ಮೇಲೆ ಕೊಬ್ಬರಿಯ ಮಾತು. ಉಂಡೆಯಾಗಿ ಒಣಗಿದ ಗಿಟಕು ಕೊಬ್ಬರಿಗೂ ಎಣ್ಣೆ ಕೊಬ್ಬರಿಗೂ ಬೆಂಬಲ ಬೆಲೆ ಏಕೆ ಬೇರೆ ಎಂದು ಕೇಳಿದರು. ಉಂಡೆಯಾಗಿ ಒಣಗಲು ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಡಬೇಕು, ಅಷ್ಟು ಕಾಲ ರೈತನ ದುಡ್ಡು ಅಟ್ಟದಲ್ಲೇ ಕೂತಿರುತ್ತದೆ ಎಂದು ವಿವರಿಸಿದೆ. 2023ರ ಬೆಲೆ ಗಿಟಕು ಕೊಬ್ಬರಿಗೆ ಕ್ವಿಂಟಲಿಗೆ 11,750, ಎಣ್ಣೆ ಕೊಬ್ಬರಿಗೆ 10,860 ಎಂಬುದೂ ನೆನಪಿತ್ತು. ಇಪ್ಪತ್ತು ನಿಮಿಷದಲ್ಲಿ ಹದಿನೈದು ನಿಮಿಷ ನಮ್ಮ ಮನೆಯ ಅಟ್ಟದ ಬಗ್ಗೆಯೇ ಹೋಯಿತು. 2023ರ ಜೂನ್‌ನಲ್ಲಿ ತಿರುಚಿರಾಪಳ್ಳಿಯ ಐಐಎಂಗೆ ಸೇರಿದೆ. ಪ್ರವೇಶದ ದಿನ ದಾಖಲೆ ಪರಿಶೀಲನೆಯಲ್ಲಿ ಮೊದಲು ಕೇಳಿದ್ದು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು.

ಈಗ ಹತ್ತನೇ ತರಗತಿಯ ಮಕ್ಕಳಿರುವ ಮನೆಯವರಿಗೆ ಒಂದು ಮಾತು ಹೇಳಲೇಬೇಕು. ನಮ್ಮ ಕಾಲದಲ್ಲಿ ಇಲ್ಲದ ಒಂದು ಬಾಗಿಲು ಈಗ ತೆರೆದಿದೆ. 2024ರಿಂದ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು. ಪಾಸಾದವರೂ ಮತ್ತೆ ಬರೆಯಬಹುದು, ಹೆಚ್ಚು ಬಂದ ಅಂಕ ಉಳಿಯುತ್ತದೆ. ಅಕ್ಕನ ಮಗಳಿಗೆ ಕಳೆದ ವರ್ಷ ಮೊದಲ ಪರೀಕ್ಷೆಯಲ್ಲಿ ಶೇ 79 ಬಂತು, ಗಣಿತದಲ್ಲಿ ಕಡಿಮೆ. ಮನೆಯಲ್ಲಿ ಎಲ್ಲರೂ "ಸಾಕು ಬಿಡು" ಎಂದರು. ನಾನು ನೋಟ್‌ಬುಕ್ಕಿನ ಅಹಮದಾಬಾದಿನ ಪುಟ ತೆಗೆದು ಅಕ್ಕನ ಮುಂದಿಟ್ಟೆ. ಮಗು ಎರಡನೇ ಪರೀಕ್ಷೆಗೆ ಗಣಿತ ಮತ್ತೆ ಬರೆದಳು. ಫಲಿತಾಂಶ ಬಂದ ದಿನ ಫೋನ್ ಮಾಡಿ, "ಮಾಮ, 81 ಆಯ್ತು" ಅಂದಳು.