ಹಳೆಯ ವಾದ್ಯಕ್ಕೆ ಎಷ್ಟು ಬೆಲೆ? ಮಾರುವ ಮುನ್ನ ಕೂಡಿ ಕಳೆದು ನೋಡಿ

ಕಪಾಟಿನ ಮೇಲೆ ಧೂಳು ಹಿಡಿದಿದ್ದ ಪಿಟೀಲನ್ನು ಕೆಳಗಿಳಿಸಿದವರು ಮೊದಲು ಮಾಡುವ ಕೆಲಸ ಅದರ ಹೊಟ್ಟೆಯೊಳಕ್ಕೆ ಇಣುಕುವುದು. ಅಲ್ಲಿ ಅಂಟಿಸಿದ ಚೀಟಿಯಲ್ಲಿ ಸ್ಟ್ರಾಡಿವೇರಿಯಸ್ ಎಂಬ ಹೆಸರು ಕಂಡಿತೋ, ಆ ರಾತ್ರಿ ನಿದ್ದೆ ಹತ್ತುವುದಿಲ್ಲ. ನಿದ್ದೆ ಮಾಡಿ. ಆ ಹೆಸರಿನ ಹಿಂದಿರುವ ಹೆಸರಾಂತ ಪಿಟೀಲು ತಯಾರಕ, ಇಟಲಿಯ ಕ್ರೆಮೋನಾದ ಆಂಟೋನಿಯೊ ಸ್ಟ್ರಾಡಿವರಿ ತೀರಿಕೊಂಡದ್ದು 1737ರಲ್ಲಿ. ಆತನ ಮಾದರಿಯನ್ನು ಅನುಸರಿಸಿ ಯುರೋಪಿನ ಕಾರ್ಖಾನೆಗಳು 19 ಮತ್ತು 20ನೇ ಶತಮಾನಗಳಲ್ಲಿ ರಾಶಿ ರಾಶಿ ಪಿಟೀಲುಗಳನ್ನು ತಯಾರಿಸಿ, ಒಳಗೆ ಅದೇ ಹೆಸರಿನ ಚೀಟಿ ಅಂಟಿಸಿ ಕಳಿಸಿದವು. ಚೀಟಿಯಲ್ಲಿ ತಯಾರಾದ ದೇಶದ ಹೆಸರು ಇಂಗ್ಲಿಷಿನಲ್ಲಿದ್ದರಂತೂ ಅದು ಕಾರ್ಖಾನೆಯದೆಂಬುದರಲ್ಲಿ ಅನುಮಾನವೇ ಉಳಿಯದು.

ಹಳೆಯದಾದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಮುಂದಿನ ವಾದಕ ಎಷ್ಟು ಕೊಡಲು ತಯಾರಿದ್ದಾನೆ, ಅದನ್ನು ನುಡಿಸುವ ಸ್ಥಿತಿಗೆ ತರಲು ರಿಪೇರಿ ಮಾಡುವವನು ಎಷ್ಟು ಕೇಳುತ್ತಾನೆ, ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಉಳಿಯುವುದೇ ನಿಮ್ಮ ವಾದ್ಯದ ಬೆಲೆ. ಕೆಲವೊಮ್ಮೆ ಉತ್ತರ ಸೊನ್ನೆಗಿಂತ ಕೆಳಗೂ ಬರುತ್ತದೆ. ಈ ಲೆಕ್ಕವನ್ನು ಮನೆಯಲ್ಲೇ ಮಾಡುವ ಬಗೆ ಹೀಗಿದೆ.

ಹೆಜ್ಜೆ 1: ವಾದ್ಯದ ಜಾತಿ ನೋಡಿ

ಮರದ ತಂತಿವಾದ್ಯಗಳು ಬೆಲೆಯನ್ನು ಚೆನ್ನಾಗಿ ಹಿಡಿದಿಟ್ಟುಕೊಳ್ಳುತ್ತವೆ, ಏಕೆಂದರೆ ಅವುಗಳನ್ನು ಬಿಚ್ಚಿ ಮತ್ತೆ ಜೋಡಿಸಬಹುದು. ಪಿಟೀಲನ್ನು ವಜ್ರದಂತಹ ಅಂಟಿನಿಂದ ಕೂಡಿಸಿರುವುದಿಲ್ಲ. ಬೇಕೆಂದಾಗ ಬಿಡಿಸಲು ಬರುವ ಪ್ರಾಣಿಜನ್ಯ ಸರೇಸನ್ನೇ ಬೇಕೆಂದು ಬಳಸಿರುತ್ತಾರೆ. ಸ್ಯಾಕ್ಸೊಫೋನ್, ಟ್ರಂಪೆಟ್‌ಗಳಂತಹ ಹಿತ್ತಾಳೆಯ ವಾದ್ಯಗಳದ್ದು ಅವುಗಳ ನಂತರದ ಸ್ಥಾನ.

ಪಿಯಾನೊದ ಕಥೆ ಬೇರೆ. ಅದರಲ್ಲಿ ಸುಮಾರು 230 ತಂತಿಗಳಿರುತ್ತವೆ. ಎಲ್ಲದರ ಎಳೆತ ಸೇರಿದರೆ ಹದಿನೈದು ಟನ್ ಮೀರುತ್ತದೆ. ಆ ಎಳೆತವನ್ನು ತಡೆದು ನಿಂತ ಬಿರಡೆಗಳು ಕೂತಿರುವುದು ಒಂದು ಮರದ ಹಲಗೆಯಲ್ಲಿ. ದಶಕಗಳು ಕಳೆದಂತೆ ಮರ ಒಣಗಿ ಹಿಡಿತ ಬಿಟ್ಟರೆ, ಇವತ್ತು ಶ್ರುತಿ ಮಾಡಿದ್ದು ಮುಂದಿನ ವಾರಕ್ಕೆ ಇಳಿದಿರುತ್ತದೆ. ಹೊಸ ಹಲಗೆ, ಹೊಸ ತಂತಿ, ಸಾಗಣೆ ಎಂದು ಕೂಡುತ್ತಾ ಹೋದರೆ ಮೂಗಿಗಿಂತ ಮೂಗುತಿಯೇ ಭಾರ. ಸಾಧಾರಣ ಕಂಪನಿಯ ಹಳೆಯ ನಿಲುವು ಪಿಯಾನೊಗಳನ್ನು ಎಷ್ಟೋ ಜನ ಪುಕ್ಕಟೆಯಾಗಿ ಕೊಡುತ್ತೇವೆಂದರೂ ಒಯ್ಯುವವರಿಲ್ಲದಿರುವುದು ಇದಕ್ಕೇ. ಸ್ಟೈನ್‌ವೇಯಂತಹ ಕೆಲವು ಹೆಸರುಗಳ ಗ್ರ್ಯಾಂಡ್ ಪಿಯಾನೊಗಳಿಗೆ ಮಾತ್ರ ಆ ಖರ್ಚನ್ನು ಹೊರುವ ಶಕ್ತಿಯಿದೆ.

ಎಲೆಕ್ಟ್ರಾನಿಕ್ ಕೀಬೋರ್ಡನ್ನು ವಾದ್ಯ ಎನ್ನುವುದಕ್ಕಿಂತ ಕಂಪ್ಯೂಟರ್ ಎಂದುಕೊಂಡೇ ಬೆಲೆ ಕಟ್ಟಿ. ಹೊಸ ಮಾದರಿ ಬಂದ ದಿನವೇ ಹಳೆಯದು ಮುದಿಯಾಗುತ್ತದೆ. ಅಪವಾದಗಳಿಲ್ಲದೆ ಇಲ್ಲ. ಬಾಸ್ ಗಿಟಾರ್ ನುಡಿಸುವವನ ಬದಲಿಗೆ ಒದಗಲೆಂದು ರೋಲ್ಯಾಂಡ್ ಕಂಪನಿ 1980ರ ದಶಕದ ಆರಂಭದಲ್ಲಿ ತಂದ ಟಿಬಿ-303 ಯಂತ್ರವನ್ನು ಕೇಳುವವರಿರಲಿಲ್ಲ. 1984ರಲ್ಲಿ ಅದರ ತಯಾರಿಕೆಯೇ ನಿಂತಿತು. ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗಕ್ಕೆ ಬಿದ್ದಿದ್ದ ಅದನ್ನು ಷಿಕಾಗೊದ ಹುಡುಗರು ಕೊಂಡು, ಗುಂಡಿಗಳನ್ನು ಅಡ್ಡಾದಿಡ್ಡಿ ತಿರುಗಿಸಿ ಆಸಿಡ್ ಹೌಸ್ ಎಂಬ ಸಂಗೀತವನ್ನೇ ಹುಟ್ಟಿಸಿದರು. ಆಮೇಲೆ ಅದರ ಬೆಲೆ ಮುಗಿಲು ಮುಟ್ಟಿತು. ಆದರೆ ನಿಮ್ಮ ಕೀಬೋರ್ಡಿಗೂ ಹಾಗೆ ಆಗಲಿ ಎಂದು ಕಾಯುವುದು ಲಾಟರಿ ಚೀಟಿ ಹಿಡಿದು ಕೂತಂತೆ.

ಹೆಜ್ಜೆ 2: ಹೆಸರು, ಮಾದರಿ, ವರ್ಷ

ಸರಣಿ ಸಂಖ್ಯೆ ಹುಡುಕಿ. ಅಮೆರಿಕದ ಮಾರ್ಟಿನ್ ಕಂಪನಿಯ ಗಿಟಾರ್ ಆದರೆ ನಾದರಂಧ್ರದೊಳಗೆ ಟಾರ್ಚ್ ಹಾಯಿಸಿ. ದಂಡಿ ಬಂದು ಸೇರುವ ಒಳಗಿನ ಮರದ ತುಂಡಿನ ಮೇಲೆ ಸಂಖ್ಯೆ ಒತ್ತಿರುತ್ತದೆ. 1898ರಿಂದ ಆ ಕಂಪನಿ ಸಂಖ್ಯೆ ಹಾಕುತ್ತಾ ಬಂದಿದೆ, ಯಾವ ಸಂಖ್ಯೆ ಯಾವ ವರ್ಷದ್ದೆಂಬ ಪಟ್ಟಿ ಎಲ್ಲರಿಗೂ ಸಿಗುತ್ತದೆ. ವರ್ಷಕ್ಕೆ ಏಕಿಷ್ಟು ಮಹತ್ವ ಎಂದರೆ, ಗಿಟಾರ್ ತಯಾರಿಸುವ ಫೆಂಡರ್ ಕಂಪನಿಯನ್ನು ನೋಡಿ. 1965ರಲ್ಲಿ ಅದು ಅಮೆರಿಕದ ಪ್ರಸಾರ ಸಂಸ್ಥೆ ಸಿಬಿಎಸ್ ಕೈಗೆ ಹೋಯಿತು. ಅದಕ್ಕೆ ಮೊದಲು ತಯಾರಾದ ಸ್ಟ್ರಾಟೊಕಾಸ್ಟರ್ ಎಲೆಕ್ಟ್ರಿಕ್ ಗಿಟಾರುಗಳಿಗೂ ನಂತರದವುಗಳಿಗೂ ಸಂಗ್ರಾಹಕರು ಕೊಡುವ ಬೆಲೆಯಲ್ಲಿ ಅಜಗಜಾಂತರ. ಸ್ಯಾಕ್ಸೊಫೋನ್ ಲೋಕದಲ್ಲಿ ಇಂಥದೇ ಗೌರವ 1954ರಲ್ಲಿ ಬಂದ ಸೆಲ್ಮರ್ ಮಾರ್ಕ್ 6 ಮಾದರಿಗಿದೆ.

ಕಲಿಯುವವರಿಗಾಗಿ ಮಾಡಿದ ಅಗ್ಗದ ಮಾದರಿಗಳಿಗೆ ಈ ಭಾಗ್ಯವಿಲ್ಲ. ಅರ್ಧ ವರ್ಷ ಕಲಿತು ಬಿಟ್ಟವರ ವಾದ್ಯಗಳು ಮಾರುಕಟ್ಟೆಯಲ್ಲಿ ತುಂಬಿ ತುಳುಕುತ್ತಿರುವಾಗ, ಇನ್ನು ಸ್ವಲ್ಪ ಸೇರಿಸಿದರೆ ಹೊಸದೇ ಸಿಗುವಾಗ, ನಿಮ್ಮದನ್ನೇಕೆ ಕೊಳ್ಳಬೇಕು?

ಹೆಜ್ಜೆ 3: ಕಾಯಿಲೆ ಪತ್ತೆ ಮಾಡಿ

ಹೆತ್ತವರಿಗೆ ಹೆಗ್ಗಣ ಮುದ್ದು. ಹಾಗಾಗಿ ಈ ಪರೀಕ್ಷೆಯನ್ನು ಸ್ವಲ್ಪ ನಿರ್ದಯವಾಗಿಯೇ ಮಾಡಬೇಕು.

ಗಿಟಾರಿನ ದಂಡಿಯ ಉದ್ದಕ್ಕೆ, ಫ್ರೆಟ್‌ಗಳ (ಅಡ್ಡಲಾಗಿ ಕೂರಿಸಿದ ಲೋಹದ ಗೆರೆಗಳ) ಮೇಲೆ ಒಂದು ನೇರ ಪಟ್ಟಿ ಇಡಿ. ಪಟ್ಟಿಯ ತುದಿ ಕುದುರೆಯ (ಗಿಟಾರಿನ ಹೊಟ್ಟೆಯ ಮೇಲೆ ತಂತಿಗಳ ಬುಡ ಕೂರುವ ಮರದ ತುಂಡಿನ) ಮೇಲ್ಮೈಗೆ ತಾಗುವಂತಿದ್ದರೆ ಕ್ಷೇಮ. ತೀರಾ ಕೆಳಗೆ ಬಂದು ಕುದುರೆಯ ಮುಂಬದಿಗೆ ಬಡಿದರೆ, ತಂತಿಗಳ ಎಳೆತಕ್ಕೆ ದಂಡಿ ಮುಂದಕ್ಕೆ ಬಾಗಿದೆ ಎಂದರ್ಥ. ಅದನ್ನು ಬಿಡಿಸಿ ಮತ್ತೆ ಕೂರಿಸುವ ಕೆಲಸ ದುಬಾರಿ. ಒಳ್ಳೆಯ ಗಿಟಾರಿಗೆ ಅದನ್ನು ಮಾಡಿಸಬಹುದು, ಅಗ್ಗದ ಗಿಟಾರಿನ ಆಯಸ್ಸು ಅಲ್ಲಿಗೆ ಮುಗಿಯಿತು.

ಪಿಟೀಲಿನಲ್ಲಿ ಎಲ್ಲ ಬಿರುಕೂ ಒಂದೇ ಅಲ್ಲ. ಅಂಚಿನಲ್ಲಿ ಅಂಟು ಬಿಟ್ಟಿದ್ದರೆ ಅದು ನೆಗಡಿ ಇದ್ದಂತೆ. ಒಳಗೆ ನಿಲ್ಲಿಸಿರುವ ಪುಟ್ಟ ಮರದ ಕಂಬದ ನೇರಕ್ಕೆ, ಅದರಲ್ಲೂ ಹಿಂಭಾಗದ ಹಲಗೆಯಲ್ಲಿ ಬಿರುಕು ಬಿಟ್ಟಿದ್ದರೆ, ಎಷ್ಟು ಚೆನ್ನಾಗಿ ಬೆಸೆದರೂ ಬೆಲೆ ಕುಸಿಯುತ್ತದೆ. ಕಮಾನನ್ನೂ ಮರೆಯಬೇಡಿ. ಎಷ್ಟೋ ಸಲ ಪೆಟ್ಟಿಗೆಯಲ್ಲಿ ಪಿಟೀಲಿಗಿಂತ ಬೆಲೆಬಾಳುವುದು ಅದೇ.

ಟ್ರಂಪೆಟ್‌ನ ವಾಲ್ವ್ (ಬೆರಳಿನಿಂದ ಒತ್ತುವ ಗುಂಡಿ) ಒತ್ತದೆ, ಅದರ ಪಕ್ಕದ ಕೊಳವೆಯನ್ನು ಹೊರಕ್ಕೆ ಎಳೆಯಿರಿ. ಪಟ್ ಎಂದು ಸದ್ದಾದರೆ ಗಾಳಿ ಸೋರುತ್ತಿಲ್ಲ, ವಾಲ್ವ್ ಸವೆದಿಲ್ಲ. ಬಾಯಿ ಹತ್ತಿರದ ಕೊಳವೆಯಲ್ಲಿ ಗುಲಾಬಿ ಬಣ್ಣದ ಚುಕ್ಕೆಗಳಿದ್ದರೆ ಹಿತ್ತಾಳೆಯೊಳಗಿನ ಸತುವು ಕರಗಿ ಹೋಗುತ್ತಿದೆ. ಸ್ಯಾಕ್ಸೊಫೋನಿನ ಚರ್ಮದ ಪ್ಯಾಡುಗಳು ಒಣಗಿ ಗಟ್ಟಿಯಾಗಿದ್ದರೆ, ಅವಷ್ಟನ್ನೂ ಬದಲಿಸುವ ಖರ್ಚನ್ನು ಲೆಕ್ಕದಿಂದ ಕಳೆಯಿರಿ.

ಹೆಜ್ಜೆ 4: ಕೈ ಕಟ್ಟಿ ಕೂರಿ

ನಾನು ಎಡವಿದ್ದು ಇಲ್ಲೇ. ಕೈಗೆ ಬಂದ ಒಂದು ಹಳೆಯ ಗಿಟಾರಿನ ಮಾಸಿದ ವಾರ್ನಿಷನ್ನು ಮರಳುಕಾಗದದಿಂದ ಉಜ್ಜಿ ತೆಗೆದು, ಕನ್ನಡಿಯಂತೆ ಹೊಳೆಯುವ ಹೊಸ ಲೇಪ ಬಳಿದು, ಹೆಮ್ಮೆಯಿಂದ ಒಬ್ಬ ಬಲ್ಲವರಿಗೆ ತೋರಿಸಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಅರ್ಧ ಬೆಲೆಯನ್ನು ಉಜ್ಜಿ ಹಾಕಿದ್ದೀರಿ" ಎಂದರು. ಅದು ಉತ್ಪ್ರೇಕ್ಷೆಯಲ್ಲ. ಸಂಗ್ರಾಹಕರ ಮಾರುಕಟ್ಟೆಯಲ್ಲಿ ಮೂಲ ಲೇಪ ಹೋದ ಗಿಟಾರಿನ ಬೆಲೆ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಧೂಳು ಒರೆಸಿ, ತಂತಿ ಬದಲಿಸಿ, ಅಷ್ಟು ಸಾಕು. ಬಿರಡೆಯನ್ನೋ ಪಿಕಪ್ಪನ್ನೋ (ಎಲೆಕ್ಟ್ರಿಕ್ ಗಿಟಾರಿನಲ್ಲಿ ತಂತಿಯ ಕಂಪನ ಹಿಡಿಯುವ ಭಾಗ) ಹಿಂದೆ ಬದಲಿಸಿದ್ದರೆ ಹಳೆಯದನ್ನು ಹುಡುಕಿ ಜೊತೆಗೇ ಕೊಡಿ. ಮೂಲ ಪೆಟ್ಟಿಗೆ, ರಸೀದಿಗಳಿಗೂ ಬೆಲೆಯಿದೆ. ಮಾರಾಟವಾಗುವವರೆಗೆ ಮರದ ವಾದ್ಯವನ್ನು ಶೇಕಡಾ 45ರಿಂದ 55ರ ತೇವಾಂಶದಲ್ಲಿ ಇಡಿ. ಹೊಸ ಬಿರುಕುಗಳು ಹೆಚ್ಚಾಗಿ ಒಣಹವೆಯ ಕೊಡುಗೆ.

ಹೆಜ್ಜೆ 5: ಕೇಳಿದ ಬೆಲೆಯಲ್ಲ, ಮಾರಾಟವಾದ ಬೆಲೆ

ಜಾಹೀರಾತಿನಲ್ಲಿರುವುದು ಮಾರುವವನ ಆಸೆ. ಅದೇ ಮಾದರಿ, ಅದೇ ಸ್ಥಿತಿಯ ವಾದ್ಯ ನಿಜಕ್ಕೂ ಎಷ್ಟಕ್ಕೆ ಕೈ ಬದಲಿಸಿತು ಎಂಬುದನ್ನು ನಾಲ್ಕಾರು ಕಡೆ ನೋಡಿ. ಅಂಗಡಿಗೆ ಮಾರಿದರೆ, ಅಂಗಡಿಯವರು ತಾವು ಮಾರಲಿರುವ ಬೆಲೆಯ ಅರ್ಧದ ಆಸುಪಾಸಿನಲ್ಲಿ ಕೊಡುತ್ತಾರೆ. ಇದನ್ನು ಮೋಸ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ರಿಪೇರಿ, ಬಾಡಿಗೆ, ಕೊಳ್ಳುವವನಿಗಾಗಿ ಕಾಯುವುದು ಎಲ್ಲವೂ ಅವರ ತಲೆಯ ಮೇಲಿರುತ್ತದೆ. ತಾಳ್ಮೆ ಇದ್ದರೆ ನೇರವಾಗಿ ವಾದಕರಿಗೇ ಮಾರಿ.

ಹೆಜ್ಜೆ 6: ಗಡಿ ದಾಟಿಸುವ ಮುನ್ನ

ಬ್ರೆಜಿಲ್‌ನ ಬೀಟೆ (ರೋಸ್‌ವುಡ್) ಮರದ ವ್ಯಾಪಾರಕ್ಕೆ 1992ರಿಂದ, ಅಳಿವಿನ ಭೀತಿಯಲ್ಲಿರುವ ಪ್ರಾಣಿ ಸಸ್ಯಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟ್ಸ್ ಒಪ್ಪಂದದ ಅತಿ ಕಠಿಣ ನಿರ್ಬಂಧವಿದೆ. ಆ ಮರವಿರುವ ಗಿಟಾರನ್ನು ಪರವಾನಗಿಯಿಲ್ಲದೆ ಬೇರೆ ದೇಶಕ್ಕೆ ಮಾರುವಂತಿಲ್ಲ. ಬೀಟೆಯ ಉಳಿದ ಜಾತಿಗಳೂ 2017ರಲ್ಲಿ ನಿಯಂತ್ರಣಕ್ಕೆ ಬಂದು ವಾದ್ಯ ತಯಾರಕರನ್ನು ಕಂಗಾಲಾಗಿಸಿದ್ದವು. 2019ರಲ್ಲಿ ಅವುಗಳಿಂದ ಮಾಡಿದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಹಳೆಯ ಪಿಯಾನೊದ ದಂತದ ಕೀಲಿಗಳಿಗೆ, ಕಮಾನಿನ ತುದಿಯ ದಂತಕ್ಕೆ ಅಂಥ ವಿನಾಯಿತಿಯಿಲ್ಲ.

ಊರೊಳಗೇ ಕಳಿಸುವುದಾದರೂ ತಂತಿಗಳನ್ನು ಸ್ವಲ್ಪ ಸಡಿಲಿಸಿ. ಗಿಟಾರು ಬಿದ್ದಾಗ ಮೊದಲು ಮುರಿಯುವುದು ಬಿರಡೆಗಳಿರುವ ತಲೆ, ಅದೂ ಹಿಂದಕ್ಕೆ ಬಾಗಿದ ತಲೆಯ ಮಾದರಿಗಳಲ್ಲಿ. ಬೆಸೆದ ಮೇಲೆ ನಾದದಲ್ಲಿ ವ್ಯತ್ಯಾಸ ಕೇಳದಿರಬಹುದು, ಬೆಲೆಯಲ್ಲಿ ಮಾತ್ರ ಎದ್ದು ಕಾಣುತ್ತದೆ. ಪೆಟ್ಟಿಗೆ ಮುಚ್ಚುವ ಮುನ್ನ ಆ ತಲೆಯ ಕೆಳಗೆ ಒಂದು ಟವೆಲ್ ಮಡಚಿಡಿ.