ಕೈಗೇರಿನ ಸ್ಕೂಟರ್: ಕೊಳ್ಳುವಾಗ, ಓಡಿಸುವಾಗ, ಕೈಕೊಟ್ಟಾಗ

ಹಳೇ ಚೇತಕ್ ಅಥವಾ ಎಲ್‌ಎಂಎಲ್ ವೆಸ್ಪಾ ನಡುದಾರಿಯಲ್ಲಿ ನಿಂತರೆ ಎಂಜಿನ್ನೇ ಹೋಯಿತು ಎಂದುಕೊಳ್ಳುವವರು ಬಹಳ. ನಿಲ್ಲಿಸುವುದು ಹೆಚ್ಚಾಗಿ ಮೂರೇ: ಕೇಬಲ್, ಪ್ಲಗ್, ಪೆಟ್ರೋಲು. ಮೂರನ್ನೂ ಮನೆಯಂಗಳದಲ್ಲಿ ನೀವೇ ಸರಿಮಾಡಿಕೊಳ್ಳಬಹುದು. ಇಲ್ಲಿ ಹೇಳುವುದು ಟೂ-ಸ್ಟ್ರೋಕ್ ಗಾಡಿಗಳ ಮಾತು. ಪೆಟ್ರೋಲು ಚೇತಕ್‌ಗಳಲ್ಲಿ ಕೊನೆಗೆ ಬಂದ ಫೋರ್-ಸ್ಟ್ರೋಕ್ ಗಾಡಿಗೆ ಪೆಟ್ರೋಲಿನಲ್ಲಿ ಆಯಿಲ್ ಬೆರೆಸುವ ಗೋಜಿಲ್ಲ.

ಕೊಳ್ಳುವ ಮುನ್ನ

ಮೊದಲು ಕಾಗದ. ಖಾಸಗಿ ದ್ವಿಚಕ್ರದ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಕೆಎ-09, ಕೆಎ-55, ಕೆಎ-11, ಯಾವುದೇ ನಂಬರಿರಲಿ, ಅವಧಿ ಮುಗಿದಿದ್ದರೆ ಮಾರುವವರ ಹೆಸರಲ್ಲೇ ನವೀಕರಣ ಮಾಡಿಸಿ, ನಂತರ ಫಾರಂ 29 ಮತ್ತು 30 ಹಾಕಿ ವರ್ಗಾಯಿಸಿಕೊಳ್ಳಿ. ಬಾಕಿ ತೆರಿಗೆ, ದಂಡ ಎಷ್ಟೆಂದು ಮುಂಗಡ ಕೊಡುವ ಮುನ್ನವೇ ಕೇಳಿಕೊಳ್ಳಿ. ಚಾಸಿ ಮತ್ತು ಎಂಜಿನ್ ನಂಬರನ್ನು ಸೈಡ್ ಪ್ಯಾನೆಲ್ ತೆಗೆದು ಕಣ್ಣಾರೆ ಓದಿ, ಆರ್‌ಸಿಯೊಂದಿಗೆ ತಾಳೆ ನೋಡಿ. ಎಂಜಿನ್ ಬೇರೆ ಗಾಡಿಯದ್ದು ಎಂದು ಅಲ್ಲಿ ಗೊತ್ತಾಗುವುದು ಅಪರೂಪವೇನಲ್ಲ.

ಆಮೇಲೆ ತಗಡು. ಕಾಲಿಡುವ ಜಾಗದ ರಬ್ಬರ್ ಮ್ಯಾಟ್ ಎತ್ತಿ ನೋಡಿ. ಮಳೆನೀರು ನಿಂತು ತುಕ್ಕು ಹಿಡಿಯುವುದು ಅಲ್ಲೇ. ಬ್ಯಾಟರಿ ಕೂರುವ ಜಾಗವನ್ನು ಆಸಿಡ್ ತಿಂದಿರುತ್ತದೆ. ಜೇಬಿನಲ್ಲಿ ಸಣ್ಣ ಮ್ಯಾಗ್ನೆಟ್ ಇರಲಿ. ಬಾಡಿ ಮೇಲೆ ಅದು ಹಿಡಿಯದ ಜಾಗದಲ್ಲಿ ಪುಟ್ಟಿ ಮೆತ್ತಿದ್ದಾರೆ ಎಂದರ್ಥ. ಎಂಜಿನ್ ಮುಟ್ಟಿ ತಣ್ಣಗಿದ್ದಾಗಲೇ ಕಿಕ್ ಹೊಡೆಯಿರಿ. ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ.

ಹೊಗೆಯೂ ಮಾತಾಡುತ್ತದೆ. ದಟ್ಟ ಬಿಳಿಹೊಗೆ, ಜೊತೆಗೆ ಗೇರ್ ಆಯಿಲ್ ಕಡಿಮೆಯಾಗುತ್ತಿದ್ದರೆ ಕ್ಲಚ್ ಕಡೆಯ ಆಯಿಲ್ ಸೀಲ್ ಹೋಗಿದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ತಾನೇ ಏರುತ್ತಿದ್ದರೆ ಎಂಜಿನ್ನಿನ ಮ್ಯಾಗ್ನೆಟ್ (ಫ್ಲೈವೀಲ್) ಕಡೆಯ ಸೀಲಿನಿಂದ ಗಾಳಿ ಎಳೆಯುತ್ತಿರಬಹುದು. ಸೀಲು ಅಗ್ಗ, ಹಾಕುವ ಕೂಲಿ ಅಗ್ಗವಲ್ಲ. ಚೌಕಾಸಿಗೆ ಇದು ಸಾಕು. ಓಡುವಾಗ ಗೇರ್ ತಾನಾಗಿ ಹಾರಿ ನ್ಯೂಟ್ರಲ್‌ಗೆ ಬೀಳುತ್ತಿದ್ದರೆ ಮೊದಲು ಕೇಬಲ್ ಹೊಂದಿಸಿ ನೋಡಿ. ಆಗಲೂ ಹಾರಿದರೆ ಒಳಗೆ ಗೇರನ್ನು ಹಿಡಿದಿಡುವ ತುಂಡು, ಗೇರ್ ಕ್ರಾಸ್, ಸವೆದಿದೆ, ಎಂಜಿನ್ ಬಿಚ್ಚಲೇಬೇಕು.

ಪೆಟ್ರೋಲು, ಆಯಿಲು

ಪೆಟ್ರೋಲು ಲೀಟರಿಗೆ 20 ಮಿಲಿ 2ಟಿ (ಟೂ-ಸ್ಟ್ರೋಕ್) ಆಯಿಲ್, ಅಂದರೆ ಐದು ಲೀಟರಿಗೆ 100 ಮಿಲಿ. ರೀಬೋರ್ (ಸವೆದ ಸಿಲಿಂಡರ್ ಕೊರೆಸುವುದು) ಮಾಡಿಸಿದ ಮೊದಲ 500 ಕಿ.ಮೀ. ಲೀಟರಿಗೆ 30 ಮಿಲಿ ಹಾಕಿ, ಗಾಡಿಯನ್ನು ಹಿಂಡಬೇಡಿ. ಮೊದಲು ಆಯಿಲ್ ಸುರಿದು ಅದರ ಮೇಲೆ ಪೆಟ್ರೋಲು ಹಾಕಿಸಿದರೆ ತಾನೇ ಬೆರೆಯುತ್ತದೆ. ಕೊನೆಗೆ ಸುರಿದರೆ ಆಯಿಲ್ ತಳಕ್ಕಿಳಿದು ಪ್ಲಗ್ ಕಟ್ಟಿಕೊಳ್ಳುತ್ತದೆ. ಬಂಕಿನಲ್ಲಿ 2ಟಿ ಸಿಗುತ್ತದೆಂದು ನಂಬಿ ಹೊರಡದೆ ಡಿಕ್ಕಿಯಲ್ಲಿ ಸಣ್ಣ ಬಾಟಲಿ, ಅಳತೆ ಲೋಟ ಇಟ್ಟುಕೊಳ್ಳಿ. "ಒಂಚೂರು ಜಾಸ್ತಿಯೇ ಇರಲಿ" ಎಂದು ಕೈಯಳತೆಯಲ್ಲಿ ಸುರಿದರೆ ಸೈಲೆನ್ಸರಿನಲ್ಲಿ ಕಾರ್ಬನ್ ತುಂಬಿ ಎಳೆತ ಸಾಯುತ್ತದೆ.

ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇದೆ. ಅದು ಗಾಳಿಯ ತೇವ ಹೀರುತ್ತದೆ, ಹಳೇ ರಬ್ಬರನ್ನು ಮೆತ್ತಗಾಗಿಸುತ್ತದೆ. ಪೆಟ್ರೋಲ್ ಪೈಪನ್ನು ವರ್ಷಕ್ಕೊಮ್ಮೆ ಬದಲಿಸಿ. ಹತ್ತು ಹದಿನೈದು ದಿನ ಗಾಡಿ ನಿಲ್ಲಿಸುವುದಾದರೆ ಪೆಟ್ರೋಲಿನ ನಲ್ಲಿ, ಅಂದರೆ ಕಾಕ್, ಮುಚ್ಚಿ, ನಿಂತಲ್ಲೇ ಐಡಲ್‌ನಲ್ಲಿ ಬಿಟ್ಟು ಕಾರ್ಬುರೇಟರ್ ಖಾಲಿಯಾಗಿ ಆರುವವರೆಗೆ ಕಾಯಿರಿ. ದಿನವೂ ರಾತ್ರಿ ಕಾಕ್ ಮುಚ್ಚುವುದು ಒಳ್ಳೆಯದು. ಕಾರ್ಬುರೇಟರಿಗೆ ಪೆಟ್ರೋಲು ತಡೆಯುವ ಫ್ಲೋಟ್ ನೀಡಲ್ ಸೋರಿದರೆ ಬೆಳಗಿನ ಹೊತ್ತಿಗೆ ಪೆಟ್ರೋಲು ಎಂಜಿನ್ನೊಳಗೆ ತುಂಬಿರುತ್ತದೆ.

ಗಾಡಿಯನ್ನು ಓರೆ ಮಾಡಿ ಕಿಕ್ ಹೊಡೆಯುವ ಸಂಪ್ರದಾಯದ ಗುಟ್ಟೂ ಇಲ್ಲೇ ಇದೆ. ನಾಲ್ಕು ದಿನ ನಿಂತ ಗಾಡಿಯ ಕಾರ್ಬುರೇಟರಿನಲ್ಲಿ ಪೆಟ್ರೋಲು ಆರಿಹೋಗಿರುತ್ತದೆ. ಕಾಕ್ ತೆರೆದು ಒಂದು ನಿಮಿಷ ಕಾಯ್ದು, ಚೋಕ್ ಎಳೆದು ಒದ್ದರೆ ಎರಡು ಮೂರು ಕಿಕ್ಕಿಗೆ ಏಳಬೇಕು. ದಿನಾ ಓರೆ ಮಾಡಲೇಬೇಕಾಗಿದ್ದರೆ ಕಾರ್ಬುರೇಟರ್ ಬಿಚ್ಚಿ ಜೆಟ್ಟು, ನೀಡಲ್ಲು, ಫಿಲ್ಟರ್ ತೊಳೆಸಿ.

ಗೇರ್‌ಬಾಕ್ಸಿಗೆ ಬೇರೆ ಆಯಿಲ್: ಎಸ್‌ಎಇ 30, ಸುಮಾರು 250 ಮಿಲಿ. ಎಂಜಿನ್ ಬಿಸಿಯಿದ್ದಾಗ ಕೆಳಗಿನ ಬೋಲ್ಟ್ ಬಿಚ್ಚಿ ಬಸಿಯಿರಿ, ಲೆವೆಲ್ ತೂತಿನಿಂದ ಜಿನುಗುವವರೆಗೆ ತುಂಬಿ. ಕ್ಲಚ್ ಪ್ಲೇಟ್‌ಗಳೂ ಇದೇ ಆಯಿಲಿನಲ್ಲಿ ಮುಳುಗಿರುವುದರಿಂದ ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು.

ಓಡಿಸುವ ಕೈ

ಕ್ಲಚ್ ಹಿಡಿದು ಎಡಗೈ ಹಿಡಿಯನ್ನು ನಿಮ್ಮ ಕಡೆಗೆ ತಿರುಗಿಸಿದರೆ ಲಿವರ್ ಮೇಲೇಳುತ್ತದೆ, ಅದು ಒಂದನೇ ಗೇರ್. ಕೆಳಕ್ಕೆ ಒಂದು ಮೆಟ್ಟಿಲು ನ್ಯೂಟ್ರಲ್, ಆಮೇಲೆ ಎರಡು, ಮೂರು, ನಾಲ್ಕು. ಸುಮಾರು 15ಕ್ಕೆ ಎರಡು, 25–30ಕ್ಕೆ ಮೂರು, 40 ದಾಟಿದ ಮೇಲೆ ನಾಲ್ಕು. ನಿಂತಲ್ಲಿ ಗೇರ್ ಕೂರದಿದ್ದರೆ ಜಬರ್‌ದಸ್ತಿ ಬೇಡ, ಗಾಡಿಯನ್ನು ಹಿಂದೆಮುಂದೆ ಅಲ್ಲಾಡಿಸಿ ತಿರುಗಿಸಿ. ಜಬರ್‌ದಸ್ತಿಗೆ ಮೊದಲು ಬಲಿಯಾಗುವುದು ಕೇಬಲ್. ದಸರಾ ದಿನಗಳಲ್ಲಿ ಮೈಸೂರಿನ ಕೆ.ಆರ್. ಸರ್ಕಲ್ ಸುತ್ತ ಆಮೆಗತಿಯಲ್ಲಿ ಸಾಗುವಾಗ ಅರ್ಧ ಕ್ಲಚ್ ಹಿಡಿದು ತೆವಳಬೇಡಿ, ನಿಂತಾಗಲೆಲ್ಲ ನ್ಯೂಟ್ರಲ್ ಮಾಡಿ.

ಎಂಜಿನ್ ಬಲಗಡೆ ಕೂತಿರುವುದರಿಂದ ತೂಕ ಆ ಕಡೆ ಎಳೆಯುತ್ತದೆ. ವಾರದಲ್ಲಿ ಮೈಗೆ ಒಗ್ಗುತ್ತದೆ. ಹತ್ತು ಇಂಚಿನ ಪುಟ್ಟ ಚಕ್ರ ಹಳ್ಳವನ್ನು ದಾಟದೆ ಅದರೊಳಕ್ಕೇ ಇಳಿಯುತ್ತದೆ. ಕಬ್ಬು ಅರೆಯುವ ಕಾಲದಲ್ಲಿ ಮಂಡ್ಯದ ರಸ್ತೆಗಳಲ್ಲಿ ಟ್ರ್ಯಾಕ್ಟರಿನಿಂದ ಬಿದ್ದ ಜಲ್ಲೆ ಸಿಕ್ಕರೆ ಅದರ ಮೇಲೆ ಬ್ರೇಕ್ ಒತ್ತಬೇಡಿ, ನೇರ ದಾಟಿಸಿ. ಗಾಳಿ ಮುಂದೆ 18 ಪಿಎಸ್‌ಐ, ಹಿಂದೆ ಒಬ್ಬರಿದ್ದರೆ 25, ಇಬ್ಬರಿದ್ದರೆ 36.

ಚಾಮುಂಡಿ ಬೆಟ್ಟ ಹತ್ತುವುದಕ್ಕಿಂತ ಇಳಿಯುವುದರಲ್ಲಿ ಎಚ್ಚರ ಬೇಕು. ಈ ಎಂಜಿನ್ನಿಗೆ ಆಯಿಲ್ ಸಿಗುವುದು ಪೆಟ್ರೋಲಿನ ಜೊತೆಯಲ್ಲೇ. ಗೇರಿನಲ್ಲಿಟ್ಟು ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಇಳಿದರೆ ಎಂಜಿನ್ ಜೋರಾಗಿ ತಿರುಗುತ್ತದೆ, ಪೆಟ್ರೋಲು ಹೋಗುವುದಿಲ್ಲ, ಪಿಸ್ಟನ್ ಒಣಗಿ ಸೀಝ್ ಆಗಬಹುದು, ಅಂದರೆ ಸಿಲಿಂಡರಿಗೆ ಕಚ್ಚಿಕೊಳ್ಳಬಹುದು. ಎರಡು ಅಥವಾ ಮೂರನೇ ಗೇರಿನಲ್ಲಿ ಇಳಿಯಿರಿ, ಆಗಾಗ ಕ್ಲಚ್ ಹಿಡಿದು ಒಂದು ಸಲ ಆಕ್ಸಿಲರೇಟರ್ ತಿರುವಿ. ಇಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಉರುಳಿಸಿಕೊಂಡು ಬರುವುದು ಬೇಡವೇ ಬೇಡ, ಡ್ರಮ್ ಬ್ರೇಕ್ ಕಾದು ಹಿಡಿಯುವುದನ್ನೇ ಬಿಡುತ್ತದೆ. ಎಲ್ಲೇ ಆಗಲಿ, ಓಡುತ್ತಿದ್ದ ಎಂಜಿನ್ನಿನ ದನಿ ಬದಲಾಗಿ ಎಳೆತ ಕುಸಿದರೆ ತಕ್ಷಣ ಕ್ಲಚ್ ಹಿಡಿದು ಪಕ್ಕಕ್ಕೆ ಸರಿಯಿರಿ, ತಣ್ಣಗಾಗುವವರೆಗೆ ಕಿಕ್ ಮುಟ್ಟಬೇಡಿ.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯರಸ್ತೆಗೆ 2023ರ ಆಗಸ್ಟ್ 1ರಿಂದ ದ್ವಿಚಕ್ರ ಬಿಡುವುದಿಲ್ಲ. ಮಂಡ್ಯದಿಂದ ಮೈಸೂರಿಗೆ ಸರ್ವಿಸ್ ರಸ್ತೆಯೇ ಗತಿ. ಈ ಗಾಡಿಯ ವೇಗಕ್ಕೆ ಅದೇ ಸರಿ.

ಕೇಬಲ್ ಬದಲಿಸುವುದು

ಕ್ಲಚ್ ಕೇಬಲ್ ಕಡಿಯುವುದು ಸಾಮಾನ್ಯವಾಗಿ ಲಿವರ್ ಬಳಿಯ ಗುಂಡಿನ ಹತ್ತಿರ. ಒಂದೆರಡು ಎಳೆ ಬಿಚ್ಚಿದ್ದು ಕಂಡ ದಿನವೇ ಬದಲಿಸಿ. ಲಿವರ್ ಬೋಲ್ಟ್ ತೆಗೆದು, ಎಂಜಿನ್ ಕೆಳಗಿನ ಸ್ಕ್ರೂ ಸಡಿಲಿಸಿ, ಹಳೇ ಒಳತಂತಿಯನ್ನು ಮೇಲಿನಿಂದ ಎಳೆದುಕೊಳ್ಳಿ. ಹೊಸದಕ್ಕೆ ಗ್ರೀಸ್ ಸವರಿ ಮೇಲಿನಿಂದಲೇ ಇಳಿಸಿ. ಕೆಳಗೆ ಬಿಗಿಯುವ ಮುನ್ನ ಅಡ್ಜಸ್ಟರನ್ನು ಪೂರ್ತಿ ಒಳಕ್ಕೆ ತಿರುಗಿಸಿರಬೇಕು, ಇಲ್ಲವಾದರೆ ಆಮೇಲೆ ಬಿಗಿ ಮಾಡಲು ಜಾಗವಿರುವುದಿಲ್ಲ. ಲಿವರಿನ ಬುಡದಲ್ಲಿ 2 ಮಿ.ಮೀ. ಆಟ ಉಳಿಸಿ. ಮಿಕ್ಕ ತಂತಿಯನ್ನು ಎರಡು ಬೆರಳಗಲ ಬಿಟ್ಟು ಕತ್ತರಿಸಿ, ತುದಿಗೆ ಬೆಸುಗೆ ಹಾಕಿಸಿ.

ಗೇರಿಗೆ ಎರಡು ಕೇಬಲ್, ಒಂದು ಎಳೆದಷ್ಟು ಇನ್ನೊಂದು ಬಿಡಬೇಕು. ಹಿಡಿಯ ಸೊನ್ನೆಗೂ ನಿಜವಾದ ನ್ಯೂಟ್ರಲ್‌ಗೂ ತಾಳೆಯಾಗದಿದ್ದರೆ ಒಂದರ ಅಡ್ಜಸ್ಟರ್ ಅರ್ಧ ಸುತ್ತು ಬಿಗಿ, ಇನ್ನೊಂದರದ್ದು ಅರ್ಧ ಸುತ್ತು ಸಡಿಲ.

ಪ್ಲಗ್ ಗ್ಯಾಪ್ 0.6 ಮಿ.ಮೀ.; ತುದಿ ಕಂದು ಬಣ್ಣವಿದ್ದರೆ ಸರಿ, ಒದ್ದೆ ಕಪ್ಪಾದರೆ ಆಯಿಲ್ ಹೆಚ್ಚು ಅಥವಾ ಚೋಕ್ ಸಿಕ್ಕಿಕೊಂಡಿದೆ, ಬೆಳ್ಳಗಿದ್ದರೆ ಪೆಟ್ರೋಲು ಸಾಲದೆ ಎಂಜಿನ್ ಕಾಯುತ್ತಿದೆ. ಪ್ಲಗ್‌ಗೆ ಕಿಡಿ ಕೊಡಿಸುವ ಪಾಯಿಂಟ್ ಇರುವ ಹಳೇ ಗಾಡಿಗೆ ಅದರ ಗ್ಯಾಪ್ 0.4 ಮಿ.ಮೀ. ಇದನ್ನು ಹಳಬ ಮೆಕ್ಯಾನಿಕ್ ಕೈಗೇ ಬಿಡಿ. ಟೂ-ಸ್ಟ್ರೋಕ್ ಬೈಕ್ ಮಾಡುತ್ತಿದ್ದ, 1996ರಲ್ಲಿ ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯ ಊರು ಮೈಸೂರು. ಟೂ-ಸ್ಟ್ರೋಕ್ ಸದ್ದು ಕೇಳಿಯೇ ರೋಗ ಹೇಳುವ ಕಿವಿಗಳು ಇಲ್ಲಿನ್ನೂ ಇವೆ.

ಡಿಕ್ಕಿಯಲ್ಲಿ ಒಂದು ಪ್ಲಗ್, ಪ್ಲಗ್ ಸ್ಪ್ಯಾನರ್, ಕ್ಲಚ್ ಮತ್ತು ಆಕ್ಸಿಲರೇಟರ್ ಒಳತಂತಿ, ಕಟಿಂಗ್ ಪ್ಲೇಯರ್, ಸ್ಕ್ರೂಡ್ರೈವರ್, 8, 10–11 ಮತ್ತು 12–13ರ ಸ್ಪ್ಯಾನರ್ ಇರಲಿ. ಸ್ಟೆಪ್ನಿಗೆ ತಿಂಗಳಿಗೊಮ್ಮೆ ಗಾಳಿ ಹಾಕಿಸಿ. ಪಂಕ್ಚರ್ ಆದಾಗ ಡ್ರಮ್ಮಿಗೆ ಹಿಡಿದಿರುವ ಐದು ನಟ್ ಬಿಚ್ಚಿದರೆ ಚಕ್ರ ಬರುತ್ತದೆ. ರಿಮ್ಮಿನ ಎರಡು ಹೋಳನ್ನು ಜೋಡಿಸಿರುವ ನಟ್‌ಗಳು ಬೇರೆ. ಟ್ಯೂಬಿನಲ್ಲಿ ಗಾಳಿ ಇರುವಾಗ ಅವನ್ನು ಸಡಿಲಿಸಿದರೆ ಹೋಳುಗಳು ಸಿಡಿದು ಮುಖಕ್ಕೇ ಬಡಿಯುತ್ತವೆ. ಮೊದಲು ವಾಲ್ವ್ ಪಿನ್ ತೆಗೆದು ಗಾಳಿಯನ್ನೆಲ್ಲ ಬಿಡಿ, ಆಮೇಲೆ ಸ್ಪ್ಯಾನರ್ ಹಚ್ಚಿ.